ಹತ್ತು ತಿಂಗಳು ಅಂದರೆ ಎಷ್ಟು?

"ಡಾಕ್ಟ್ರೇ, ಇದರಲ್ಲಿ ಹತ್ತು ತಿಂಗಳು ಅಂತ ಬರೆದಿದೆ. ಅಪ್ಪಯ್ಯನಿಗೆ ಇರೋದು ಅಷ್ಟೇನಾ?"

ಹುಡುಗನಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ತೀರ್ಥಹಳ್ಳಿ ಕಡೆಯವನು. ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತಿದ್ದ. ಅವನ ತಂದೆ ಮೇಲಿನ ವಾರ್ಡಿನಲ್ಲಿದ್ದರು. ಅಡಿಕೆ ತೋಟದವರು, ಐವತ್ತೆಂಟು ವರ್ಷ. ಆಷಾಢದ ಮಳೆಯಲ್ಲಿ, ರಾತ್ರೋರಾತ್ರಿ, ತಡೆಯಲಾರದ ಹೊಟ್ಟೆನೋವು ಅಂತ ಶಿವಮೊಗ್ಗಕ್ಕೆ ಕರೆತಂದಾಗ ಅವರ ಸಣ್ಣ ಕರುಳು ತೂತಾಗಿತ್ತು. ಸರ್ಜನ್ ಆ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ ಜೀವ ಉಳಿಸಿದರು. ತೆಗೆದ ತುಂಡಿನ ಬಯಾಪ್ಸಿ ವರದಿ ಬಂತು: ಕರುಳಿನ ಟಿ ಕಣದ ಲಿಂಫೋಮಾ.

ಅವತ್ತು ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಲಿಂಫೋಮಾ ಅಂದರೆ ನಮ್ಮನ್ನು ಸೋಂಕಿನಿಂದ ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ಕುತ್ತಿಗೆ, ಕಂಕುಳಲ್ಲಿ ಗಂಟು ಬರುವುದು ಎಲ್ಲರಿಗೂ ಗೊತ್ತು. ಆದರೆ ಈ ಕಣಗಳು ಕರುಳಿನ ಒಳಪದರದಲ್ಲೂ ದಂಡಿಯಾಗಿವೆ. ಅಲ್ಲೂ ಕ್ಯಾನ್ಸರ್ ಹುಟ್ಟಬಹುದು. ಈ ಕಣಗಳಲ್ಲಿ ಬಿ, ಟಿ ಅಂತ ಮುಖ್ಯವಾಗಿ ಎರಡು ಜಾತಿ. ಕರುಳಿನ ಲಿಂಫೋಮಾಗಳಲ್ಲಿ ಹೆಚ್ಚಿನವು ಬಿ ಕಣದವು, ಮದ್ದಿಗೆ ಚೆನ್ನಾಗಿ ಬಗ್ಗುತ್ತವೆ. ಟಿ ಕಣದ್ದು ಅಪರೂಪ, ಮೊಂಡು ಜಾತಿ.

ಅದರಲ್ಲೂ ಮುಖ್ಯವಾಗಿ ಎರಡು ಬಗೆ. ಒಂದು, ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಬರುವುದು. ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಕರುಳಿಗೆ ಒಗ್ಗದೆ ಒಳಪದರ ಸವೆಯುವ ಕಾಯಿಲೆ. ಇನ್ನೊಂದು, ಸೀಲಿಯಾಕ್ ಇಲ್ಲದೆಯೂ ಬರುವುದು. ಏಷ್ಯಾದವರಲ್ಲಿ ಕಾಣುವುದು ಹೆಚ್ಚಾಗಿ ಇದೇ. ವಿಶ್ವ ಆರೋಗ್ಯ ಸಂಸ್ಥೆ 2008ರ ಪಟ್ಟಿಯಲ್ಲಿ ಇವನ್ನು ಒಂದೇ ಕಾಯಿಲೆಯ ಎರಡು ವಿಧ ಅಂತ ಇಟ್ಟಿತ್ತು. 2016ರಲ್ಲಿ ಎರಡನ್ನೂ ಬೇರೆ ಮಾಡಿತು. ಈ ಯಜಮಾನರಿಗೆ ಬಂದಿದ್ದು ಎರಡನೆಯದು.

ಎಷ್ಟು ಅಪರೂಪ? ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಮಾಡಿದ ಲೆಕ್ಕದಲ್ಲಿ ವರ್ಷಕ್ಕೆ ಒಂದು ಲಕ್ಷ ಜನಕ್ಕೆ 0.14 ಅಂತ ಬಂತು. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ. ಅದೇ ಲೆಕ್ಕ ಇಲ್ಲಿಗೆ ಹಾಕಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಎರಡು ಮೂರು ಜನ. ಆದರೆ ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ಹಾಕಲು ಬರುವುದಿಲ್ಲ. ಕಾರಣ ನಮ್ಮ ಊಟದ ತಟ್ಟೆಯಲ್ಲೇ ಇದೆ.

2016ರಲ್ಲಿ ಭಾರತದ ಮೂರು ಭಾಗಗಳಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಸೀಲಿಯಾಕ್‌ನ ಸುಳಿವು ಕೊಡುವ ರಕ್ತಪರೀಕ್ಷೆ ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರಲ್ಲಿ ಪಾಸಿಟಿವ್ ಬಂತು. ದಕ್ಷಿಣದಲ್ಲಿ ಬರೀ 0.10. ಕಾಯಿಲೆಗೆ ದಾರಿ ಮಾಡುವ ಜೀನ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎರಡೂ ಕಡೆ ಮೂರರಲ್ಲಿ ಒಬ್ಬರಿಗೆ ಇವೆ. ವ್ಯತ್ಯಾಸ ಇದ್ದಿದ್ದು ಗೋಧಿಯಲ್ಲಿ: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಕಡುಬು, ಅಕ್ಕಿ ರೊಟ್ಟಿ, ಗಂಜಿ ಉಣ್ಣುವ ಮಲೆನಾಡಿನಲ್ಲಿ ಮೊದಲ ಬಗೆಯ ಲಿಂಫೋಮಾ ಅಷ್ಟಾಗಿ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಓದಿ ಯಾರೂ ಸುಮ್ನೆ ಚಪಾತಿ ಬಿಡಬೇಡಿ. ಸೀಲಿಯಾಕ್ ಅನುಮಾನ ಇದ್ದರೆ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಮೊದಲೇ ಗೋಧಿ ಬಿಟ್ಟರೆ ರಕ್ತದಲ್ಲಿನ ಸುಳಿವು ಇಳಿದುಹೋಗಿ, ಇರುವ ಕಾಯಿಲೆಯೂ ಸಿಗುವುದಿಲ್ಲ. ಸೀಲಿಯಾಕ್ ಖಚಿತವಾದವರು ಮಾತ್ರ ಪಥ್ಯ ಕಟ್ಟುನಿಟ್ಟಾಗಿ ಹಿಡಿಯಲೇಬೇಕು. ಹಿಡಿದರೆ ಲಿಂಫೋಮಾದ ಅಪಾಯ ಇಳಿಯುತ್ತದೆ. ರವೆ, ಶಾವಿಗೆ ಅವರಿಗೆ ನೆನಪಿರುತ್ತದೆ. ಸಾರಿನ ಒಗ್ಗರಣೆಗೆ ಹಾಕುವ ಇಂಗು ಮರೆತುಹೋಗುತ್ತದೆ. ಅಂಗಡಿಯ ಎಷ್ಟೋ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಮೇಲೆ ಓದಿ ನೋಡಿ.

ಈಗ ಆ ಹುಡುಗನ ಹತ್ತು ತಿಂಗಳಿಗೆ ಬರುತ್ತೇನೆ.

ಆ ಸಂಖ್ಯೆ ಬಂದಿದ್ದು ಹಲವು ದೇಶಗಳ 22 ಆಸ್ಪತ್ರೆ ಸೇರಿ ಮಾಡಿ, 2011ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಟಿ ಕಣದ ಲಿಂಫೋಮಾದ 1,153 ರೋಗಿಗಳಲ್ಲಿ ಕರುಳಿನದ್ದು 62 ಜನರಿಗೆ ಮಾತ್ರ. ಎರಡೂ ಬಗೆಯವರು ಅದರಲ್ಲಿದ್ದರು. ಆ 62 ಜನರನ್ನು, ಎಷ್ಟು ದಿನ ಬದುಕಿದರು ಅನ್ನುವ ಪ್ರಕಾರ ಸಾಲಾಗಿ ನಿಲ್ಲಿಸಿ. ಸಾಲಿನ ನಟ್ಟನಡುವೆ ನಿಂತವರದ್ದು ಹತ್ತು ತಿಂಗಳು. ಅವರ ಎಡಕ್ಕಿರುವ ಅರ್ಧ ಜನರಿಗೆ ಅಷ್ಟೂ ಸಿಗಲಿಲ್ಲ. ಬಲಕ್ಕಿರುವ ಅರ್ಧ ಜನರಿಗೆ ಜಾಸ್ತಿ ಸಿಕ್ಕಿತು. ಐವರಲ್ಲಿ ಒಬ್ಬರು ಐದು ವರ್ಷ ದಾಟಿದರು. ನಿಮ್ಮಪ್ಪಯ್ಯ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ ಎಂದೆ.

ಅವನಿಗೆ ಗ್ರಾಫ್ ತೋರಿಸಿ ಉಪಯೋಗವಿರಲಿಲ್ಲ. ಆಗುಂಬೆ ಘಾಟಿ ನೆನಪಿಸಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಮೊದಲು ಕಡಿದಾದ ತಿರುವುಗಳು, ಕೆಳಗೆ ತಲುಪಿದ ಮೇಲೆ ರಸ್ತೆ ಸಪಾಟಾಗುತ್ತದೆ ಅಲ್ವಾ? ಈ ಕಾಯಿಲೆಯಲ್ಲೂ ಮೊದಲ ವರ್ಷವೇ ಘಾಟಿ. ಹೆಚ್ಚು ಜನರನ್ನು ಕಳೆದುಕೊಳ್ಳುವುದು ಅಲ್ಲೇ. ಕರುಳು ತೂತಾಗಿ, ಸೋಂಕು ಏರಿ, ಮೈಯಲ್ಲಿ ಸತ್ವವಿಲ್ಲದೆ ಕಿಮೋ ಪೂರ್ತಿ ತಗೊಳ್ಳಲು ಆಗದೆ. ಅದನ್ನು ದಾಟಿದವರಿಗೆ ಮುಂದಿನ ದಾರಿ ಅಷ್ಟು ಕಡಿದಾಗಿರುವುದಿಲ್ಲ.

ಅದೇ ಇಂಗ್ಲೆಂಡಿನ ತಂಡ 2010ರಲ್ಲಿ ಇನ್ನೊಂದು ಫಲಿತಾಂಶ ಕೊಟ್ಟಿತು. 26 ರೋಗಿಗಳಿಗೆ ಜೋರಾದ ಕಿಮೋ ಕೊಟ್ಟು, ತಡೆದುಕೊಂಡವರಿಗೆ ಅವರದ್ದೇ ಆಕರಕೋಶಗಳನ್ನು (ಸ್ಟೆಮ್ ಸೆಲ್, ಅಂದರೆ ಹೊಸ ರಕ್ತಕಣ ಹುಟ್ಟಿಸುವ ಮೂಲಕಣ) ಮರಳಿ ಕೊಡುವ ಚಿಕಿತ್ಸೆ ಮಾಡಿದರು. ಐದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 60. ಹಳೆಯ ಬಗೆಯ ಕಿಮೋದಲ್ಲಿ ಅದು 22 ಇತ್ತು. ನನಗೆ ಇದು ದೊಡ್ಡ ಭರವಸೆ. ಆದರೆ ಆ 26 ಜನ ಜೋರು ಮದ್ದು ತಡೆಯುವಷ್ಟು ಗಟ್ಟಿ ಇದ್ದವರು. ಮದ್ದು ಅವರನ್ನು ಉಳಿಸಿತು, ಮದ್ದಿನವರೆಗೆ ಅವರನ್ನು ತಲುಪಿಸಿದ್ದು ಮೈಯಲ್ಲಿದ್ದ ಶಕ್ತಿ. ನಾವು ಇಲ್ಲಿ ಸೋಲುತ್ತಿರುವುದು ಆ ತಲುಪುವ ದಾರಿಯಲ್ಲಿ.

ಈ ಯಜಮಾನರ ಕಥೆಯನ್ನೇ ನೋಡಿ. ಆರು ತಿಂಗಳಿಂದ ಭೇದಿ, ಸಂಜೆ ಮೈ ಬಿಸಿ, ತೂಕ ಇಳಿತ. ಬೇರೆ ಕಡೆ ತೋರಿಸಿದಾಗ ಸ್ಕ್ಯಾನ್‌ನಲ್ಲಿ ಕರುಳು ದಪ್ಪಗಾಗಿದೆ ಅಂತ ಬಂತು. ಟಿಬಿ ಇರಬೇಕು ಅಂತ ಮಾತ್ರೆ ಶುರುವಾಯಿತು. ಬಯಾಪ್ಸಿ ಆಗಲಿಲ್ಲ. ಬರೆದುಕೊಟ್ಟವರನ್ನು ದೂರಲಾರೆ. ಕರುಳಿನ ಟಿಬಿ ನಮ್ಮಲ್ಲಿ ಈ ಲಿಂಫೋಮಾಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಲಕ್ಷಣಗಳೂ ಒಂದೇ. ಆದರೆ ಟಿಬಿ ಮಾತ್ರೆಗೆ ಎರಡು ತಿಂಗಳಲ್ಲೂ ಗುಣ ಕಾಣದಿದ್ದರೆ ನಿಂತು ಮತ್ತೆ ಯೋಚಿಸಬೇಕು. ಇವರು ನಾಲ್ಕು ತಿಂಗಳು ನುಂಗಿದ್ದರು. ನಡುವೆ ಸ್ಟೀರಾಯ್ಡ್ ಕೊಟ್ಟಾಗ ಎರಡು ವಾರ ಹಸಿವು ಬಂತು, ಎಲ್ಲರೂ ಖುಷಿಪಟ್ಟರು. ಸ್ಟೀರಾಯ್ಡ್ ಲಿಂಫೋಮಾವನ್ನು ಸ್ವಲ್ಪ ದಿನ ಕುಗ್ಗಿಸುತ್ತದೆ. ಆಗ ಬಯಾಪ್ಸಿ ಮಾಡಿದರೂ ಕಾಯಿಲೆ ಸಿಗದೆ ಹೋಗಬಹುದು. ಕಾರಣ ಗೊತ್ತಾಗದ ಕರುಳಿನ ತೊಂದರೆಗೆ ಬಯಾಪ್ಸಿಗಿಂತ ಮೊದಲು ಸ್ಟೀರಾಯ್ಡ್ ಬೇಡ. ನನ್ನ ಕಿರಿಯ ವೈದ್ಯರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ಇನ್ನೊಂದು ವಸ್ತುವಿನ ಬಗ್ಗೆ ಎಲ್ಲರೂ ತಿಳಿದಿರಬೇಕು. ಬಯಾಪ್ಸಿ ತುಂಡನ್ನು ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದು. ಇಷ್ಟು ಅಪರೂಪದ ಕಾಯಿಲೆಯಲ್ಲಿ ಇನ್ನೊಬ್ಬ ತಜ್ಞರು ನೋಡಲೇಬೇಕು. ಅದಕ್ಕೆ ರಿಪೋರ್ಟಿನ ಕಾಗದ ಸಾಲದು, ಬ್ಲಾಕೇ ಬೇಕು. ಕೇಳಿದರೆ ಕೊಡುತ್ತಾರೆ. ಆ ಹುಡುಗ ಅದನ್ನು ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ರಾತ್ರಿ ರೈಲಿಗೆ ಬೆಂಗಳೂರಿಗೆ ಒಯ್ದ. ಅಲ್ಲಿ ಮತ್ತಷ್ಟು ಬಣ್ಣದ ಪರೀಕ್ಷೆ ಮಾಡಿದ ಮೇಲೇ ಇದು ಎರಡನೇ ಬಗೆ ಅಂತ ಖಚಿತವಾಗಿದ್ದು.

ಆಪರೇಷನ್ ಆದಾಗ ಯಜಮಾನರ ತೂಕ 41 ಕೆಜಿ. ಲುಂಗಿ ಎರಡು ಸುತ್ತು ಬರುತ್ತಿತ್ತು. ಕಿಮೋಗಿಂತ ಮೊದಲು ಮೂರು ವಾರ ಊಟದ ಮೇಲೇ ಕೆಲಸ ಮಾಡಿದೆವು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ತುಂಬಿಸಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ಅಪಾಯ. ಮೊದಲು ನಳಿಗೆಯಲ್ಲಿ, ಆಮೇಲೆ ಗಂಜಿ, ರಾಗಿ ಅಂಬಲಿ, ಮೊಟ್ಟೆ. ಮನೆಗೆ ಹೋದ ಮೇಲೆ ಪ್ರತಿ ಭಾನುವಾರ ತೂಕ ನೋಡಿ ಬರೆದಿಡಿ ಎಂದೆ. ಜ್ವರ 100.4 ದಾಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ಹೊರಟು ಬನ್ನಿ ಎಂದೆ. ಎರಡು ಸಲ ಹಾಗೇ ಬಂದರು, ಎರಡೂ ಸಲ ಉಳಿದರು.

ಆರು ಸುತ್ತು ಕಿಮೋ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಕಾಯಿಲೆ ಮರಳಿತು. ಒಟ್ಟು ಹದಿನಾರು ತಿಂಗಳು ಬದುಕಿದರು. ಹೋಗುವ ಹೊತ್ತಿಗೆ ಎರಡನೇ ಕೊಯ್ಲು ಶುರುವಾಗಿತ್ತು.

ಆಮೇಲೆ ಹುಡುಗ ಒಮ್ಮೆ ಬಂದ. ಮನೆಯ ಗೋಡೆಯ ಕ್ಯಾಲೆಂಡರನ್ನು ಸುರುಳಿ ಸುತ್ತಿ ತಂದಿದ್ದ. ಅಡಿಕೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ ಅಪ್ಪಯ್ಯನ ತೂಕ ನೋಡುತ್ತಿದ್ದರಂತೆ. ಭಾನುವಾರದ ಮನೆಗಳಲ್ಲಿ ಬಾಲ್‌ಪೆನ್ನಿನಲ್ಲಿ 43, 44.5, 47 ಅಂತ ಇತ್ತು. ಫೆಬ್ರವರಿಯ ಕೊನೆಗೆ 52. ಅದರ ಕೆಳಗೆ ಅವರದ್ದೇ ಕೈಬರಹದಲ್ಲಿ, ಅವತ್ತು ಸುಲಿಯಲು ಬಂದವರ ಕೂಲಿ ಲೆಕ್ಕ.