ಪೊಟರೆಗೆ ಸಿಮೆಂಟ್ ತುಂಬಿಸಿದರೆ ಮರ ಉಳಿಯುತ್ತದೆಯೇ?

ಪ್ರಶ್ನೆ: ಅಂಗಳದ ದೊಡ್ಡ ಮರದ ಬೊಡ್ಡೆಯಲ್ಲಿ ಪೊಟರೆಯಾಗಿದೆ. ಕೊಳೆತದ್ದನ್ನೆಲ್ಲ ಕೆರೆದು ಸಿಮೆಂಟ್ ತುಂಬಿಸಬಹುದೇ?

ಉತ್ತರ: ತುಂಬಿಸಬೇಡಿ. ಕೆರೆಯಲೂ ಬೇಡಿ. ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೂ ಕರಣೆ ಹಿಡಿದು ಮರದ ಬುಡದಲ್ಲಿ ನಿಂತವರು ಇದೇ ಪ್ರಶ್ನೆ ಕೇಳುತ್ತಲೇ ಇದ್ದಾರೆ. ಈ ಸಲ ಕಾರಣವನ್ನೂ ಬಿಡಿಸಿ ಹೇಳುತ್ತೇನೆ.

ಹುಳುಕು ಹಲ್ಲನ್ನು ಕೊರೆದು ತುಂಬುವಂತೆ ಮರವನ್ನೂ ತುಂಬಬಹುದು ಎಂಬ ನಂಬಿಕೆಯೇ ತಪ್ಪು. ಕೊಳೆತಕ್ಕೆ ಮರ ತಾನೇ ಗೋಡೆ ಕಟ್ಟುತ್ತದೆ. ಗಾಯದ ಸುತ್ತಲಿನ ಜೀವಕೋಶಗಳು ನೀರಿನ ನಾಳಗಳನ್ನು ಮುಚ್ಚುತ್ತವೆ, ಶಿಲೀಂಧ್ರಕ್ಕೆ ಒಗ್ಗದ ರಾಸಾಯನಿಕಗಳನ್ನು ಸುರಿಯುತ್ತವೆ. ಗಾಯವಾದ ಮೇಲೆ ಬೆಳೆಯುವ ಹೊಸ ಪದರವನ್ನು ಹಳೆಯದರಿಂದ ಬೇರ್ಪಡಿಸುವ ಗೋಡೆಯಂತೂ ಎಲ್ಲಕ್ಕಿಂತ ಗಟ್ಟಿ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಇದನ್ನು ವಿವರಿಸಿದರು. ಪೊಟರೆಯನ್ನು ಚೊಕ್ಕಟ ಮಾಡಲು ನೀವು ಉಳಿ ಹಾಕಿದಾಗ ಒಡೆಯುವುದು ಇದೇ ಗೋಡೆ. ಒಡೆದ ಜಾಗದಿಂದ ಕೊಳೆತ ಆ ಹೊಸ ಪದರಕ್ಕೂ ನುಗ್ಗುತ್ತದೆ.

ಇನ್ನು ಸಿಮೆಂಟ್. ಗಾಳಿ ಬಂದಾಗ ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಒಳಗೋಡೆಗೆ ಉಜ್ಜಿ ಉಜ್ಜಿ ಹೊಸ ಗಾಯ ಮಾಡುತ್ತದೆ, ಸಂದಿಯಲ್ಲಿ ತೇವ ಹಿಡಿದಿಡುತ್ತದೆ. ಬಲವನ್ನಂತೂ ಕೊಡುವುದಿಲ್ಲ.

ಟೊಳ್ಳು ಮರ ಬೀಳುವುದಿಲ್ಲವೇ ಎಂದರೆ, ಬಿದಿರನ್ನು ನೆನೆಯಿರಿ. ಬಾಗುವಾಗ ಭಾರ ಹೊರುವುದು ಹೆಚ್ಚಾಗಿ ಹೊರಸುತ್ತು. ನಡುವಿನ ಚೇಗಿನಲ್ಲಿ ಜೀವಂತ ಕೋಶಗಳೂ ಇರುವುದಿಲ್ಲ. ದುಂಡನೆಯ ಕಾಂಡದ ನಡುವೆ ಅರ್ಧ ವ್ಯಾಸದಷ್ಟು ಟೊಳ್ಳಿದ್ದರೆ ಲೆಕ್ಕದ ಪ್ರಕಾರ ಹೋಗುವ ಬಲ ಸುಮಾರು 6%. ಟೊಳ್ಳು 70% ಆದರೆ ನಷ್ಟ 24%, 90% ಆದರೆ 66%. ಪೊಟರೆಯ ಬಾಯಿ ಅಗಲವಾಗಿ ತೆರೆದಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ, ಬಲ ಇನ್ನೂ ಬೇಗ ಕುಗ್ಗುತ್ತದೆ.

ನಾನಾದರೆ ಪೊಟರೆಗಿಂತ ಮೊದಲು ಕವಲು ನೋಡುತ್ತೇನೆ. ಸಮ ದಪ್ಪದ ಎರಡು ಕೊಂಬೆಗಳು ಇಕ್ಕಟ್ಟಾಗಿ ಮೇಲೆದ್ದು, ನಡುವೆ ತೊಗಟೆ ಒಳಕ್ಕೆ ಮಡಿಚಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಬೆಸೆದಿರುವುದಿಲ್ಲ. ಹೊರಗಿನಿಂದ ಹಸಿರಾಗಿ, ಆರೋಗ್ಯವಾಗಿಯೇ ಕಾಣುವ ಮರ ಅಲ್ಲೇ ಸೀಳುತ್ತದೆ. ತೊಗಟೆ ದಿಂಡಿನಂತೆ ಮೇಲಕ್ಕೆ ಉಬ್ಬಿದ್ದರೆ ಬೆಸುಗೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಆಮೇಲೆ ಬುಡ. ಬೇರಿನ ಮೇಲೆ ಅಣಬೆ ಎದ್ದಿದೆಯೇ? ಗಾಳಿಯ ಮರುದಿನ ಒಂದು ಬದಿಯ ಮಣ್ಣು ಬಿರುಕು ಬಿಟ್ಟು ಉಬ್ಬಿದೆಯೇ? ಉಬ್ಬಿದ್ದರೆ ಮರದ ಕೆಳಗೆ ಯಾರನ್ನೂ ಬಿಡಬೇಡಿ, ಅಂದೇ ಮರ ಬಲ್ಲವರನ್ನು ಕರೆಸಿ.