ಇಪ್ಪತ್ತನಾಲ್ಕು ಸಾಲುಗಳಲ್ಲಿ ಒಂದು ಉರಿ

ಮಾದರಿ ರಾಕೆಟ್ಟಿನ ಹಾರಾಟವನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ನೋಡುವವರಲ್ಲಿ ಹೆಚ್ಚಿನವರು ಮೂತಿ ಎಷ್ಟು ಚೂಪಾಗಿರಬೇಕು, ರೆಕ್ಕೆ ಮೂರಿರಬೇಕೋ ನಾಲ್ಕಿರಬೇಕೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೋಟರಿನ ಸರದಿ ಬಂದಾಗ ಮಾತ್ರ ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಒತ್ತಿ ಮುಂದೆ ಹೋಗುತ್ತಾರೆ. ಆ ಹೆಸರಿನ ಹಿಂದೆ ಒಂದು ಪುಟ್ಟ ಕಡತವಿದೆ. ಅದು ಯಾವ ಗೂಢಲಿಪಿಯೂ ಅಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು, ಒಂದು ಪುಟದೊಳಗೆ ಓದಿ ಮುಗಿಯುವಷ್ಟು ಅಂಕಿಗಳು ಕಾಣುತ್ತವೆ. ರಾಕೆಟ್ ಎಷ್ಟು ಎತ್ತರಕ್ಕೆ ಹೋಗುತ್ತದೆ, ಹಾರಿಸುವಾಗ ಆಸರೆಗೆ ನಿಲ್ಲಿಸಿದ ಕಂಬಿಯನ್ನು ಬಿಡುವಾಗ ನೆಟ್ಟಗೆ ಹೋಗುತ್ತದೆಯೋ ವಾಲುತ್ತದೆಯೋ ಎಂಬುದೆಲ್ಲ ಆ ಅಂಕಿಗಳನ್ನು ನೆಚ್ಚಿಕೊಂಡಿದೆ. ಹಾಗಿದ್ದೂ ಅವು ಎಲ್ಲಿಂದ ಬಂದವು ಎಂದು ಕೇಳುವವರು ಕಡಿಮೆ.

ಅಮೆರಿಕದ ಎಸ್ಟೆಸ್ ಕಂಪನಿಯ ಸಿ6 ಮೋಟರನ್ನೇ ತೆಗೆದುಕೊಳ್ಳೋಣ. ಹೆಬ್ಬೆರಳಿನ ದಪ್ಪದ ಕಾಗದದ ಕೊಳವೆ, ಒಳಗೆ ಒತ್ತಿ ತುಂಬಿದ ಕರಿಮದ್ದು, ಬುಡದಲ್ಲಿ ಅನಿಲ ಹೊರನುಗ್ಗುವ ಕಿರಿದಾದ ಬಾಯಿ, ಅಂದರೆ ಜೇಡಿಮಣ್ಣಿನ ನಾಜಲ್. ಇಷ್ಟೇ ಅದರ ರಚನೆ. ಅದರ ಕಡತದಲ್ಲಿ ಟಿಪ್ಪಣಿಗಳು ಮುಗಿದ ಮೇಲೆ ಬರುವ ಮೊದಲ ಸಾಲನ್ನು ಕನ್ನಡ ಲಿಪಿಗೆ ಇಳಿಸಿದರೆ ಹೀಗಿರುತ್ತದೆ:

ಸಿ6 18 70 0-3-5-7 0.0108 0.0231 ಇ

ಮೊದಲಿನದು ಮೋಟರಿನ ಹೆಸರು. ಅದರ ಮುಂದೆ ಮಿಲಿಮೀಟರಿನಲ್ಲಿ ವ್ಯಾಸ ಮತ್ತು ಉದ್ದ. ಗೆರೆ ಹಾಕಿ ಜೋಡಿಸಿದ ನಾಲ್ಕು ಅಂಕಿಗಳು ಉರಿ ನಿಂತ ಮೇಲೆ ಪ್ಯಾರಾಶೂಟನ್ನು ಹೊರದೂಡುವ ಮುನ್ನ ಮೋಟರು ಕಾಯುವ ಸೆಕೆಂಡುಗಳು, ಅಂದರೆ ಮಾರುಕಟ್ಟೆಯಲ್ಲಿ ಸಿಗುವ ನಾಲ್ಕು ಬಗೆಗಳು; ಸೊನ್ನೆಯದು ಮಾತ್ರ ಕಾಯುವುದೂ ಇಲ್ಲ, ಪ್ಯಾರಾಶೂಟನ್ನು ದೂಡುವುದೂ ಇಲ್ಲ. ಆಮೇಲಿನವು ಕಿಲೋಗ್ರಾಂನಲ್ಲಿ ನೋದಕದ, ಅಂದರೆ ಉರಿದು ನೂಕುವ ಮದ್ದಿನ ತೂಕ ಮತ್ತು ಇಡೀ ಮೋಟರಿನ ತೂಕ. ಕೊನೆಯ ಅಕ್ಷರ ತಯಾರಕರ ಸಂಕೇತ. ಇದರ ಕೆಳಗೆ ಇಪ್ಪತ್ತನಾಲ್ಕು ಸಾಲುಗಳಿದ್ದು, ಪ್ರತಿ ಸಾಲಿನಲ್ಲಿ ಎರಡೇ ಅಂಕಿಗಳಿರುತ್ತವೆ: ಹೊತ್ತಿಸಿದ ಮೇಲೆ ಕಳೆದ ಸೆಕೆಂಡು, ಆ ಕ್ಷಣದ ನೂಕುಬಲ ಎಷ್ಟು ನ್ಯೂಟನ್ ಎಂಬುದು. 0.192ನೆಯ ಸೆಕೆಂಡಿಗೆ 14.090 ನ್ಯೂಟನ್. 0.292ಕ್ಕೆ 5.489. ಅಲ್ಲಿಂದ ಮುಂದೆ ಒಂದೂವರೆ ಸೆಕೆಂಡಿನಷ್ಟು ಕಾಲ ನಾಲ್ಕೂವರೆ ನ್ಯೂಟನ್ನಿನ ಆಸುಪಾಸಿನಲ್ಲೇ ಸಾಗಿ, 1.860ನೆಯ ಸೆಕೆಂಡಿಗೆ ಸೊನ್ನೆ.

ಈ ಅಂಕಿಗಳನ್ನು ರಂಗೋಲಿಯ ಚುಕ್ಕಿಗಳಂತೆ ಸಮದೂರದಲ್ಲಿ ಇಟ್ಟಿಲ್ಲ. 0.139ರಿಂದ 0.248ರವರೆಗಿನ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿಗೆ ಐದು ಸಾಲುಗಳನ್ನು ಮೀಸಲಿಡಲಾಗಿದೆ, ಅದೇ 0.850ರಿಂದ 1.063ಕ್ಕೆ ಒಂದೇ ಜಿಗಿತ. ಇದಕ್ಕೆ ಕಾರಣವಿದೆ. ಈ ಕಡತದ ರೂಪ ರಾಸ್ಪ್ ಎಂಬ ಹಳೆಯ ತಂತ್ರಾಂಶದಿಂದ ಬಂದದ್ದು, ಅದು ಒಂದು ಮೋಟರಿಗೆ 32 ಬಿಂದುಗಳಿಗಿಂತ ಹೆಚ್ಚು ಒಪ್ಪುತ್ತಿರಲಿಲ್ಲ. ಪರೀಕ್ಷಾ ಕಟ್ಟೆಯ ಮೇಲೆ ಅಳೆದ ಸಾವಿರಾರು ಅಂಕಿಗಳನ್ನು 32ರೊಳಗೆ ಇಳಿಸಬೇಕಾದವರು ಏನಾದರೂ ನಡೆಯುತ್ತಿರುವ ಕಡೆ ಬಿಂದುಗಳನ್ನು ಒತ್ತೊತ್ತಾಗಿ ಇಟ್ಟು, ಏನೂ ನಡೆಯದ ಕಡೆ ಕೈ ಬಿಗಿ ಹಿಡಿದರು. ಎರಡು ಬಿಂದುಗಳ ನಡುವೆ ತಂತ್ರಾಂಶ ನೇರ ಗೆರೆ ಎಳೆದುಕೊಳ್ಳುತ್ತದೆ, ಅಷ್ಟೆ.

ಮೊದಲ ಕಾಲು ಸೆಕೆಂಡಿನಲ್ಲಿ ಅಷ್ಟೊಂದು ನಡೆಯುವುದಾದರೂ ಏನು? ಯಾವುದೇ ಕ್ಷಣದಲ್ಲಿ ನೂಕುಬಲ ಎಷ್ಟೆಂಬುದು ಆ ಕ್ಷಣದಲ್ಲಿ ಎಷ್ಟು ಮೇಲ್ಮೈ ಉರಿಯುತ್ತಿದೆ ಎಂಬುದನ್ನು ಅವಲಂಬಿಸಿದೆ. ಇಡೀ ಕೊರಡನ್ನು ಒಲೆಗಿಟ್ಟರೆ ಅದು ತುದಿಯಿಂದ ನಿಧಾನವಾಗಿ ಉರಿಯುತ್ತದೆ. ಅದೇ ಕೊರಡನ್ನು ಸೀಳಿ ಚಕ್ಕೆ ಮಾಡಿದರೆ ಧಗ್ಗೆಂದು ಹತ್ತಿಕೊಂಡು ಬೇಗ ಮುಗಿಯುತ್ತದೆ. ಎರಡರಲ್ಲೂ ಕಟ್ಟಿಗೆ ಅಷ್ಟೇ, ಬಿಸಿಯೂ ಒಟ್ಟಿನಲ್ಲಿ ಅಷ್ಟೇ. ಬದಲಾದದ್ದು ಗಾಳಿಗೆ ಒಡ್ಡಿಕೊಂಡ ಮೈ. ಕರಿಮದ್ದಿಗೆ ಹೊರಗಿನ ಗಾಳಿ ಬೇಡ, ಆಮ್ಲಜನಕವನ್ನು ಅದರೊಳಗಿನ ಪೆಟ್ಲುಪ್ಪೇ ಒದಗಿಸುತ್ತದೆ. ಆದರೂ ಮೇಲ್ಮೈಯ ಲೆಕ್ಕ ಬದಲಾಗುವುದಿಲ್ಲ. ಸಿ6 ಮೋಟರಿನ ಮದ್ದು ಊದಿನಕಡ್ಡಿಯಂತೆ ತುದಿಯಿಂದ ತುದಿಗೆ ಉರಿಯುವ ಜಾತಿಯದು. ಊದಿನಕಡ್ಡಿಯ ಕೆಂಡ ಹತ್ತಿಸಿದಾಗ ಎಷ್ಟು ಅಗಲವಿತ್ತೋ ಮುಗಿಯುವಾಗಲೂ ಅಷ್ಟೇ ಅಗಲವಿರುವುದರಿಂದ ಹೊಗೆಯೂ ಒಂದೇ ಹದದಲ್ಲಿ ಬರುತ್ತದೆ. ಕಡತದಲ್ಲಿ ನಾಲ್ಕೂವರೆ ನ್ಯೂಟನ್ನಿನ ಉದ್ದನೆಯ ಬಯಲು ಕಾಣುವುದು ಈ ಕಾರಣಕ್ಕೆ. ಆದರೆ ನಾಜಲಿನ ಬಳಿ ಆ ಮದ್ದಿನ ತುದಿಯನ್ನು ಚಪ್ಪಟೆಯಾಗಿ ಬಿಡದೆ ಒಂದು ಕುಳಿ ಮಾಡಿರುತ್ತಾರೆ. ರಾಗಿ ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳೊತ್ತಿ ಸಾರಿಗೆ ಗುಂಡಿ ಮಾಡಿದಾಗ ಸಾರು ತಾಗುವ ಮೈ ಹೇಗೆ ಹೆಚ್ಚುತ್ತದೆಯೋ ಹಾಗೆ, ಈ ಕುಳಿಯ ಗೋಡೆಗಳೂ ಸೇರಿ ಮೊದಲ ಕ್ಷಣಗಳಲ್ಲಿ ಉರಿಯುವ ಮೇಲ್ಮೈ ಹೆಚ್ಚುತ್ತದೆ. ಕುಳಿಯ ಅಂಚುಗಳು ಕರಗಿ ಮೇಲ್ಮೈ ಮಟ್ಟಸವಾಗುತ್ತಿದ್ದಂತೆ ನೂಕುಬಲವೂ ಇಳಿದು ಊದಿನಕಡ್ಡಿಯ ಹದಕ್ಕೆ ಬರುತ್ತದೆ. 14 ನ್ಯೂಟನ್ನಿನ ಆ ಶಿಖರ ಒಂದು ಗುಂಡಿಯ ಆಕಾರವನ್ನು ಅಂಕಿಗಳಲ್ಲಿ ಬರೆದ ಬಗೆ.

ಇದರ ಉಪಯೋಗ ತಿಳಿಯಲು 80 ಗ್ರಾಂ ತೂಕದ ರಾಕೆಟ್ಟೊಂದನ್ನು ಒಂದು ಮೀಟರ್ ಉದ್ದದ ಉಡಾವಣಾ ಕಂಬಿಯ ಮೇಲೆ ನಿಲ್ಲಿಸಿ ಲೆಕ್ಕ ಹಾಕಿ ನೋಡಬಹುದು. ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಟ್ಟು, ಕಡತದ ಅಂಕಿಗಳನ್ನು ಇದ್ದಂತೆಯೇ ಬಳಸಿದರೆ, ಕಂಬಿಯ ತುದಿಯನ್ನು ಬಿಡುವಾಗ ರಾಕೆಟ್ಟಿನ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಅದೇ ಒಟ್ಟು ನೂಕನ್ನು 1.86 ಸೆಕೆಂಡುಗಳಿಗೆ ಸಮನಾಗಿ ಹಂಚಿ, 4.74 ನ್ಯೂಟನ್ನಿನ ಸಪಾಟು ಗೆರೆಯನ್ನು ತಂತ್ರಾಂಶಕ್ಕೆ ಕೊಟ್ಟರೆ ಉತ್ತರ ಸುಮಾರು 10 ಮೀಟರ್. ರೆಕ್ಕೆಗಳು ಕೆಲಸ ಮಾಡುವುದು ಗಾಳಿ ವೇಗವಾಗಿ ಹರಿಯುವಾಗ ಮಾತ್ರ. ಕಂಬಿ ಬಿಟ್ಟ ಮೇಲೆ ರಾಕೆಟ್ಟನ್ನು ಹಿಡಿಯುವ ಕೈ ಬೇರೆ ಇಲ್ಲ. ಒಟ್ಟು ಲೆಕ್ಕ ಒಂದೇ ಆದರೂ ಮೊದಲ ಕಾಲು ಸೆಕೆಂಡಿನ ಐದಾರು ಸಾಲುಗಳು ತಪ್ಪಿದ್ದರೆ, ನೆಟ್ಟಗೆ ಹಾರುವ ರಾಕೆಟ್ಟನ್ನು ಅಪಾಯಕಾರಿ ಎಂದೋ, ಅಪಾಯಕಾರಿಯಾದುದನ್ನು ಕ್ಷೇಮವೆಂದೋ ತಂತ್ರಾಂಶ ಹೇಳುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯ ವಿಷಯವಾಗಿ ನನಗಿರುವ ಅಸಹನೆಯನ್ನು ಮುಚ್ಚಿಡುವುದಿಲ್ಲ. ಸಿ6 ಎಂದರೆ ಸರಾಸರಿ ನೂಕುಬಲ 6 ನ್ಯೂಟನ್ ಎಂದು ಎಲ್ಲ ಪರಿಚಯ ಲೇಖನಗಳೂ ಹೇಳುತ್ತವೆ. ನಿಯಮವೇನೋ ಅದೇ: ಅಕ್ಷರ ಒಟ್ಟು ಆವೇಗದ (ಸರಾಸರಿ ನೂಕುಬಲವನ್ನು ಉರಿದ ಸೆಕೆಂಡುಗಳಿಂದ ಗುಣಿಸಿದರೆ ಬರುವ ಮೊತ್ತದ) ವರ್ಗ, ಅಂಕಿ ಸರಾಸರಿ ನೂಕುಬಲ. ಆದರೆ ಕಡತದ ಇಪ್ಪತ್ತನಾಲ್ಕು ಸಾಲುಗಳನ್ನು ತ್ರಾಪಿಜ್ಯಗಳಾಗಿ ಕತ್ತರಿಸಿ ನಾನೇ ಕೂಡಿ ನೋಡಿದಾಗ ಒಟ್ಟು ಆವೇಗ 8.82 ನ್ಯೂಟನ್-ಸೆಕೆಂಡ್ ಬಂತು, ಅದನ್ನು 1.86ರಿಂದ ಭಾಗಿಸಿದರೆ ಮೇಲೆ ಹೇಳಿದ 4.74. 5.01ರಿಂದ 10.00ರವರೆಗಿನ ಸಿ ವರ್ಗದೊಳಗೆ ಮೋಟರು ನ್ಯಾಯವಾಗಿಯೇ ಇದೆ. ಆದರೆ ಆರು ಎಂಬುದು ಹೆಸರಿನ ಭಾಗವೇ ಹೊರತು ಅಳತೆಯಲ್ಲ. ಹೆಸರು ನೋಡಿ ಹಣೆಬರಹ ಹೇಳುವ ಅಭ್ಯಾಸ ನಮ್ಮಲ್ಲಿ ಬೇಕಾದಷ್ಟಿದೆ, ಅದನ್ನು ಮೋಟರುಗಳಿಗೂ ವಿಸ್ತರಿಸುವುದು ಬೇಡ. ಕಂಪ್ಯೂಟರ್ ಹೇಳಿತು ಎಂಬ ಮಾತನ್ನು ಕಣಿಯ ಮಾತಿನಂತೆ ಒಪ್ಪಿಕೊಳ್ಳುವುದೂ ಇದೇ ಜಾತಿಯ ನಂಬಿಕೆ.

ರಾಸ್ಪ್ ಎಂಬುದು ರಾಕೆಟ್ ಆಲ್ಟಿಟ್ಯೂಡ್ ಸಿಮ್ಯುಲೇಷನ್ ಪ್ರೋಗ್ರಾಂ ಎಂಬುದರ ಮೊಟಕು ರೂಪ, ಜಿ. ಹ್ಯಾರಿ ಸ್ಟೈನ್ ಅವರ ಹೆಸರಿಗೆ ಸೇರಿದ್ದು. ಸ್ಟೈನ್ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡಿದವರು. ಕಾಗದದ ಕೊಳವೆಯ ಸುರಕ್ಷಿತ ಮೋಟರಿನ ಕಲ್ಪನೆ ಬಂದದ್ದು ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದು, ಪಟಾಕಿ ಬಾಣಬಿರುಸುಗಳ ಹುಚ್ಚಿದ್ದ ಆರ್ವಿಲ್ ಕಾರ್ಲೈಲ್ ಅವರಿಗೆ. ಇಬ್ಬರ ಭೇಟಿಯಿಂದ 1957ರ ಹೊತ್ತಿಗೆ ಈ ಹವ್ಯಾಸಕ್ಕೊಂದು ಉದ್ದಿಮೆಯೂ, ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಎಂಬ ಸಂಘವೂ ಹುಟ್ಟಿದವು. ಕೈಯಲ್ಲಿ ತುಂಬಿ ಮೋಟರು ಮಾಡಿದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ವರ್ನನ್ ಎಸ್ಟೆಸ್ ಮೇಬಲ್ ಎಂದು ಹೆಸರಿಟ್ಟ ಯಂತ್ರವೊಂದನ್ನು ಕಟ್ಟಿ ಆ ತೊಡಕನ್ನು ಬಿಡಿಸಿದರು. ಇದನ್ನು ಹೇಳುವುದಕ್ಕೆ ಕಾರಣ ಇಷ್ಟೆ: ಒಂದರಂತೆ ಇನ್ನೊಂದು ಉರಿಯುವ ಮೋಟರು ಇಲ್ಲದಿದ್ದರೆ ಕೆಲವನ್ನು ಉರಿಸಿ ಉಳಿದವುಗಳ ಬಗ್ಗೆ ಕಡತ ಬರೆಯುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಅರ್ಥವಿಲ್ಲದ ಕಾಲವನ್ನು ನಾವು ಕಂಡಿದ್ದೇವೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಹಾಳು ಬಾವಿಯೊಂದರಿಂದ 2018ರಲ್ಲಿ ಸಾವಿರದಷ್ಟು ಕಬ್ಬಿಣದ ರಾಕೆಟ್ ಕೊಳವೆಗಳನ್ನು ಹೊರತೆಗೆದರು. ಹೈದರ್ ಮತ್ತು ಟಿಪ್ಪುವಿನ ಕಾಲದವು. ಅವುಗಳ ವ್ಯಾಸವನ್ನೂ ಉದ್ದವನ್ನೂ ಇವತ್ತು ಅಳೆಯಬಹುದು, ಅಂದರೆ ಕಡತದ ಮೊದಲ ಸಾಲಿನ ಎರಡು ಅಂಕಿಗಳನ್ನು ತುಂಬಬಹುದು. ಅದರ ಮುಂದಿನದೆಲ್ಲ ಬಾವಿಯ ಕೆಸರಿನೊಂದಿಗೆ ಹೋಯಿತು.

ಈಗ ಹುಡುಕಾಟದ ವಿಷಯ. ತಂತ್ರಾಂಶಗಳ ಜೊತೆಗೇ ಒಂದಷ್ಟು ಮೋಟರುಗಳ ಕಡತಗಳು ಬಂದಿರುತ್ತವೆ; ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸ್ಯಾಂಪೊ ನಿಸ್ಕಾನೆನ್ ಅವರು 2009ರಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದಿಂದ ಬೆಳೆದ ಉಚಿತ ತಂತ್ರಾಂಶವಾದ ಓಪನ್‌ರಾಕೆಟ್‌ನಲ್ಲೂ ಹಾಗೆಯೇ. ಅಲ್ಲಿ ಇಲ್ಲದ್ದನ್ನು ಥ್ರಸ್ಟ್‌ಕರ್ವ್ ಎಂಬ ಅಂತರಜಾಲ ಸಂಗ್ರಹದಲ್ಲಿ ಹುಡುಕಬೇಕು. ಆ ಸಂಗ್ರಹದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಪ್ರತಿ ಕಡತದ ಜೊತೆಗೂ ಅದರ ಮೂಲವನ್ನು ನಮೂದಿಸಿರುತ್ತಾರೆ: ಪ್ರಮಾಣೀಕರಿಸುವ ಸಂಸ್ಥೆಯ ಪರೀಕ್ಷೆಯಿಂದ ಬಂದದ್ದೋ, ತಯಾರಕರು ಕೊಟ್ಟದ್ದೋ, ಯಾರೋ ಬಳಕೆದಾರರು ಮಾಡಿದ್ದೋ ಎಂಬುದು. ಒಂದೇ ಮೋಟರಿಗೆ ಮೂರು ಕಡತಗಳು ಸಿಕ್ಕರೆ ನಾನು ಮೊದಲು ಪ್ರಮಾಣೀಕರಣದ್ದನ್ನೇ ತೆಗೆದುಕೊಳ್ಳುತ್ತೇನೆ. ಮಾರುವವರಿಗಿಂತ ಪರೀಕ್ಷಿಸುವವರ ತಕ್ಕಡಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ತಂದ ಕಡತವನ್ನು ಫೋಲ್ಡರಿಗೆ ಹಾಕುವ ಮುನ್ನ ಒಂದು ಸಣ್ಣ ಭಾಗಾಕಾರ ಮಾಡುವುದು ಒಳ್ಳೆಯದು. ಒಟ್ಟು ಆವೇಗವನ್ನು ನೋದಕದ ತೂಕದಿಂದ ಭಾಗಿಸಿದರೆ ಹೊರಬೀಳುವ ಅನಿಲದ ಸರಾಸರಿ ವೇಗ ಸಿಗುತ್ತದೆ. ಸಿ6ಗೆ 8.82ನ್ನು 0.0108ರಿಂದ ಭಾಗಿಸಿದರೆ ಸೆಕೆಂಡಿಗೆ 817 ಮೀಟರ್. ಕರಿಮದ್ದಿಗೆ ಇದು ಸಹಜವಾದ ಅಂಕಿ. ಅಮೋನಿಯಂ ಪರ್ಕ್ಲೋರೇಟಿನ ಸಂಯುಕ್ತ ನೋದಕವಾದರೆ ಎರಡು ಸಾವಿರದ ಆಸುಪಾಸಿಗೆ ಬರುತ್ತದೆ. 0.8 ಬಂದರೆ ಕಿಲೋಗ್ರಾಂ ಬರೆಯಬೇಕಾದಲ್ಲಿ ಯಾರೋ ಗ್ರಾಂ ಬರೆದಿದ್ದಾರೆ ಎಂದು ತಿಳಿಯಬೇಕು. ಹಾಗೆಯೇ ಮೋಟರಿನ ಹೆಸರಿನ ನಡುವೆ ಖಾಲಿ ಜಾಗ ಬಿಟ್ಟಿದ್ದರೆ, ಖಾಲಿ ಜಾಗವನ್ನೇ ಬೇಲಿಯೆಂದು ತಿಳಿಯುವ ತಂತ್ರಾಂಶ ಎಲ್ಲ ಅಂಕಿಗಳನ್ನೂ ಒಂದೊಂದು ಮನೆ ಆಚೆ ಸರಿಸಿ ಓದುತ್ತದೆ, ವ್ಯಾಸವು ಉದ್ದವಾಗುತ್ತದೆ. ತಯಾರಕರ ಹೆಸರನ್ನು ಒಂದು ಕಡತ ಒಂದೇ ಅಕ್ಷರದಲ್ಲಿಯೂ ಇನ್ನೊಂದು ಪೂರ್ತಿಯಾಗಿಯೂ ಬರೆದಿದ್ದರೆ ಒಂದೇ ಮೋಟರು ಪಟ್ಟಿಯಲ್ಲಿ ಎರಡು ಕಡೆ ಕಾಣಿಸಿಕೊಳ್ಳುವುದೂ ಉಂಟು.

ಇನ್ನೊಂದು ರೂಪವೂ ಇದೆ, ರಾಕ್‌ಸಿಮ್ ತಂತ್ರಾಂಶದ್ದು. ರಾಸ್ಪ್ ಕಡತದಲ್ಲಿ ಮೊದಲಿನ ತೂಕ ಮತ್ತು ನೋದಕದ ತೂಕ ಮಾತ್ರ ಇರುವುದರಿಂದ, ನೂಕುಬಲಕ್ಕೆ ತಕ್ಕ ಪ್ರಮಾಣದಲ್ಲಿ ತೂಕ ಇಳಿಯುತ್ತದೆ ಎಂದು ತಂತ್ರಾಂಶವೇ ಊಹಿಸಿಕೊಳ್ಳಬೇಕು. ರಾಕ್‌ಸಿಮ್ ಕಡತ ಪ್ರತಿ ಕ್ಷಣದ ತೂಕವನ್ನೂ ಗುರುತ್ವಕೇಂದ್ರವನ್ನೂ ಬರೆದಿಟ್ಟುಕೊಳ್ಳಬಲ್ಲದು. ಸಣ್ಣ ಮೋಟರುಗಳಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ.

ಜೋಡಿಸಿಡುವ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ರಾಸ್ಪ್ ಕಡತದಲ್ಲಿ ಅರ್ಧವಿರಾಮ ಚಿಹ್ನೆಯಿಂದ ಶುರುವಾಗುವ ಸಾಲುಗಳನ್ನು ತಂತ್ರಾಂಶ ಓದುವುದಿಲ್ಲ, ಅವು ಮನುಷ್ಯರಿಗೆ ಬರೆದ ಟಿಪ್ಪಣಿಗಳು. ಸುಮಾರು ಇನ್ನೂರು ಕಡತಗಳನ್ನು ಒಂದುಗೂಡಿಸುವ ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಆ ಸಾಲುಗಳನ್ನೆಲ್ಲ ಕಸವೆಂದು ಬಗೆದು ಅಳಿಸಿ ಹಾಕಿದೆ. ಪಟ್ಟಿ ಕನ್ನಡಿಯಂತೆ ಸ್ವಚ್ಛವಾಯಿತು. ಕೆಲವು ತಿಂಗಳ ನಂತರ ಒಂದೇ ಮೋಟರಿನ ಎರಡು ಕಡತಗಳು ಎರಡು ಬೇರೆ ಎತ್ತರಗಳನ್ನು ಕೊಟ್ಟಾಗ ಯಾವುದು ಪರೀಕ್ಷೆಯಿಂದ ಬಂದದ್ದು, ಯಾವುದು ಕರಪತ್ರದ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು ಎಣಿಸಿದ್ದು ಎಂದು ಹೇಳುವ ಸಾಧನವೇ ನನ್ನಲ್ಲಿ ಉಳಿದಿರಲಿಲ್ಲ. ಸಿ6 ಕಡತದ ಟಿಪ್ಪಣಿ ತನ್ನ ಅಂಕಿಗಳು ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಪ್ರಕಟಿಸಿದ ಪರೀಕ್ಷಾ ಮಾಹಿತಿಯಿಂದ ಬಂದವೆಂದು ಸ್ಪಷ್ಟವಾಗಿ ಹೇಳಿಕೊಳ್ಳುತ್ತದೆ. ನಾನು ಅಳಿಸಿದ್ದು ಅಂಥ ಇನ್ನೂರು ಸಾಕ್ಷಿಗಳ ಹೆಸರುಗಳನ್ನು.

ಈಗ ಎರಡು ಫೋಲ್ಡರುಗಳಿವೆ. ಒಂದರಲ್ಲಿ ಇಳಿಸಿಕೊಂಡ ಮೂಲ ಕಡತಗಳು, ಒಂದಕ್ಷರವೂ ಮುಟ್ಟದೆ. ಇನ್ನೊಂದು ತಂತ್ರಾಂಶಕ್ಕೆ ತೋರಿಸುವ ಫೋಲ್ಡರು. ಅದರೊಳಗೆ ತಯಾರಕರಿಗೊಂದು ಉಪಫೋಲ್ಡರು, ಪ್ರತಿ ಕಡತದ ಹೆಸರಿನಲ್ಲಿ ಮೋಟರು, ಮೂಲ, ವರ್ಷ. ಓಪನ್‌ರಾಕೆಟ್ ವಿನ್ಯಾಸವನ್ನು ಉಳಿಸುವಾಗ ಮೋಟರಿನ ಹೆಸರಿನ ಜೊತೆಗೆ ಅದರ ಅಂಕಿಗಳಿಂದ ಲೆಕ್ಕ ಹಾಕಿದ ಒಂದು ಬೆರಳಚ್ಚನ್ನೂ ಬರೆದಿಡುತ್ತದೆ. ಆದ್ದರಿಂದ ಟಿಪ್ಪಣಿ ಎಷ್ಟು ಸೇರಿಸಿದರೂ ಚಿಂತೆಯಿಲ್ಲ, ನೂಕುಬಲದ ಒಂದು ಅಂಕಿ ಬದಲಾಯಿಸಿದರೆ ಮಾತ್ರ ಹಳೆಯ ವಿನ್ಯಾಸಕ್ಕೆ ತನ್ನ ಮೋಟರಿನ ಗುರುತು ಸರಿಯಾಗಿ ಹತ್ತುವುದಿಲ್ಲ. ಏನಾದರೂ ತಿದ್ದಿದರೆ ಏನು, ಏಕೆ ಎಂದು ಅರ್ಧವಿರಾಮ ಹಾಕಿ ಅಲ್ಲೇ ಬರೆಯುತ್ತೇನೆ.

ನಮ್ಮ ದೇಶದಲ್ಲಿ ಈ ಮೋಟರುಗಳು ಆಟಿಕೆ ಅಂಗಡಿಯಲ್ಲಿ ಸಿಗುವ ಸರಕಲ್ಲ, ಕರಿಮದ್ದು ಸ್ಫೋಟಕಗಳ ಕಾನೂನಿಗೆ ಒಳಪಟ್ಟಿದೆ. ರಾಕೆಟ್ಟಿನ ಗೀಳು ಹತ್ತಿಸಿಕೊಂಡ ನಮ್ಮ ಅನೇಕ ವಿದ್ಯಾರ್ಥಿಗಳು ಮುಟ್ಟಬಹುದಾದ ಮೋಟರೆಂದರೆ ಸದ್ಯಕ್ಕೆ ಈ ಕಡತವೊಂದೇ. ಮೊನ್ನೆ ಪಕ್ಕದ ಮನೆಯ ಹುಡುಗನೊಬ್ಬ ತಾನೇ ಬರೆದ ಕಡತವನ್ನು ತಂತ್ರಾಂಶ ಒಪ್ಪುತ್ತಿಲ್ಲವೆಂದು ಲ್ಯಾಪ್‌ಟಾಪ್ ಹಿಡಿದು ಬಂದ. ಅವನು ಸಿ6ರ ಗೆರೆಯನ್ನೇ ನೋಡಿ ಬರೆದಿದ್ದ. ಸಾಲುಗಳೆಲ್ಲ ಸರಿಯಾಗಿದ್ದವು, ಕೊನೆಯ ಸಾಲಿನಲ್ಲಿ ನೂಕುಬಲ 1.325 ಎಂದಿತ್ತು. ಕೊನೆಯ ಬಿಂದುವಿನ ನೂಕುಬಲ ಸೊನ್ನೆಯೇ ಆಗಿರಬೇಕು ಎಂಬುದು ರಾಸ್ಪ್ ಕಾಲದಿಂದ ಬಂದ ನಿಯಮ. ಉರಿ ಮುಗಿದದ್ದು ಯಾವಾಗ, ಪ್ಯಾರಾಶೂಟಿಗೆ ಕಾಯುವ ಸೆಕೆಂಡುಗಳನ್ನು ಎಣಿಸಲು ತೊಡಗಬೇಕಾದದ್ದು ಯಾವಾಗ ಎಂದು ತಂತ್ರಾಂಶಕ್ಕೆ ಗೊತ್ತಾಗುವುದು ಅದರಿಂದ. ಅವನು ಇಪ್ಪತ್ತನಾಲ್ಕನೆಯ ಸಾಲನ್ನು ಬಿಟ್ಟಿದ್ದ: 1.860 0.000. ಸೊನ್ನೆ ತಾನೇ, ಬರೆಯುವುದೇಕೆ ಎಂದುಕೊಂಡಿದ್ದನಂತೆ.