ಲೇಸರ್ ಮಾಡಿಸಿದ ಮೇಲೆ ಕೆನ್ನೆಯಲ್ಲಿ ಕಂದು ಕಲೆ: ಹೋಗುತ್ತಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಾನು ಮಂಡ್ಯದವಳು. ಕೆಲಸ ಮೈಸೂರಿನಲ್ಲಿ, ದಿನಾ ರೈಲಲ್ಲಿ ಓಡಾಟ. ಕೆನ್ನೆ, ಗದ್ದದ ಕೂದಲು ತೆಗೆಸೋಣ ಅಂತ ಮೈಸೂರಲ್ಲೇ ಒಂದು ಕಡೆ ಲೇಸರ್ ಮಾಡಿಸಿದೆ. ಎರಡನೇ ಸಿಟ್ಟಿಂಗ್‌ನಲ್ಲಿ ಸಿಕ್ಕಾಪಟ್ಟೆ ಉರಿಯಿತು. ಹಕ್ಕಳೆ ಕಟ್ಟಿ ಉದುರಿತು. ಐದು ವಾರ ಆಯಿತು, ಈಗ ಎರಡೂ ಕೆನ್ನೆಯಲ್ಲಿ ಚೌಕ ಚೌಕವಾಗಿ ಕಂದು ಕಲೆ. ಇನ್ನೆರಡು ತಿಂಗಳಿಗೆ ನಮ್ಮಕ್ಕನ ಮದುವೆ. ಇದು ಹೋಗುತ್ತಾ, ಇಲ್ಲಾ ಹೀಗೇ ಉಳಿಯುತ್ತಾ?

ಉತ್ತರ: ನೀವು ಬರೆದದ್ದು ನೋಡಿದರೆ ಹೋಗುವ ಜಾತಿಯ ಕಲೆಯೇ. ಆದರೆ ಮದುವೆಯ ಹೊತ್ತಿಗೆ ಪೂರ್ತಿ ಹೋಗುವುದು ಕಷ್ಟ. ಇಂಥ ಕಲೆ ತಿಳಿಯಾಗಲು ಮೂರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಬೇಜಾರಾಯಿತಾ? ನನಗೂ ಆಗಿತ್ತು. ಮೇಲ್ದುಟಿಯ ಮೇಲೆ ಮೀಸೆಯಂಥ ಕಲೆ ಹೊತ್ತುಕೊಂಡು ಏಳು ತಿಂಗಳು ಓಡಾಡಿದವಳು ನಾನು. ಅದರಲ್ಲಿ ಮೂರು ತಿಂಗಳು ನನ್ನದೇ ತಪ್ಪಿನಿಂದ ಜಾಸ್ತಿಯಾದದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಕಪ್ಪು ಕಂಡಲ್ಲಿ ಲೇಸರ್ ಬೆಳಕು ಬಿಸಿಯಾಗುತ್ತದೆ. ಕೂದಲಿನ ಬುಡ ಸುಡಬೇಕು ಅನ್ನುವುದೇ ಅದರ ಲೆಕ್ಕ. ಆದರೆ ನಮ್ಮ ಚರ್ಮದಲ್ಲೂ ಅದೇ ಬಣ್ಣ ಇದೆಯಲ್ಲ, ಮೆಲನಿನ್. ಬೆಳಕು ಕೂದಲಿಗೆ ತಲುಪುವ ಮೊದಲೇ ಒಂದಷ್ಟನ್ನು ಅದು ಕುಡಿದುಬಿಡುತ್ತದೆ. ಬಿಸಿ ಹೆಚ್ಚಾದರೆ ಚರ್ಮ ಸುಡುತ್ತದೆ. ಹಾಗೆ ಗಾಯಗೊಂಡ ಚರ್ಮ ಬೇಕಾದ್ದಕ್ಕಿಂತ ಜಾಸ್ತಿ ಬಣ್ಣ ತಯಾರಿಸಿ ಸುರಿಯುತ್ತದೆ. ನಿಮ್ಮ ಕಂದು ಕಲೆ ಅದೇ. ಕಂದು ಮೈಬಣ್ಣದವರಿಗೆ ಸಾಮಾನ್ಯವಾಗಿ 1064 ನ್ಯಾನೋಮೀಟರಿನ (ಅದು ಬೆಳಕಿನ ಅಲೆಯ ಉದ್ದದ ಅಳತೆ) ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಅದರ ಬೆಳಕು ಆಳಕ್ಕೆ ಇಳಿಯುತ್ತದೆ, ಮೇಲ್ಚರ್ಮದ ಬಣ್ಣ ಅದನ್ನು ಕಡಿಮೆ ಹೀರುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಚೆನ್ನ, ನಮ್ಮಂಥವರಿಗೆ ಅಪಾಯ ಜಾಸ್ತಿ. ಬಿಸಿಲಿಗೆ ಕಪ್ಪಾಗಿರುವಾಗ ಮಾಡಿಸಿದರೆ ಇನ್ನೂ ಜಾಸ್ತಿ. ಕಲೆ ಚೌಕವಾಗಿದೆ ಅಂದಿರಲ್ಲ, ಅದು ಮಷೀನಿನ ಬಾಯಿಯ ಅಚ್ಚು ಇರಬೇಕು. ಪವರ್ ಹೆಚ್ಚಾಗಿತ್ತು, ಇಲ್ಲವೇ ತಂಪು ಮಾಡುವುದು ಸಾಲದೇ ಹೋಯಿತು. "ನಿಮ್ಮ ಸ್ಕಿನ್ನೇ ಸೆನ್ಸಿಟಿವ್" ಅಂತ ಅವರು ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ.

ಕನ್ನಡಿ ಮುಂದೆ ನಿಂತು ಬೆರಳಾಡಿಸಿ ನೋಡಿ. ಕಲೆ ಚರ್ಮಕ್ಕೆ ಸಮನಾಗಿ ನುಣುಪಾಗಿದ್ದು ಬಣ್ಣ ಕಂದಾಗಿದ್ದರೆ ಮೇಲ್ಪದರದ್ದು, ತಿಳಿಯಾಗುತ್ತದೆ. ಬೂದು ಅಥವಾ ನೀಲಿ ಛಾಯೆ ಇದ್ದರೆ ಬಣ್ಣ ಆಳಕ್ಕಿಳಿದಿದೆ, ವರ್ಷಕ್ಕೂ ಮೀರಬಹುದು. ಗುಳಿ ಬಿದ್ದಿದ್ದರೆ, ಗಟ್ಟಿಯಾಗಿ ಉಬ್ಬುತ್ತಿದ್ದರೆ ಅಥವಾ ಬೆಳ್ಳಗಾಗಿದ್ದರೆ ಅದರ ದಾರಿಯೇ ಬೇರೆ, ಬೇಗ ಡಾಕ್ಟರಿಗೆ ತೋರಿಸಿ. ಕೀವು, ಜ್ವರ, ದಿನದಿನಕ್ಕೆ ಹೆಚ್ಚುವ ನೋವು ಕಂಡರೆ ಅವತ್ತೇ ಹೋಗಿ. (ಇವತ್ತೇ ಸುಟ್ಟುಕೊಂಡು ಬಂದು ಇದನ್ನು ಓದುತ್ತಿರುವವರಿಗೆ: 20 ನಿಮಿಷ ಸಣ್ಣಗೆ ಹರಿಯುವ ತಣ್ಣೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಗುಳ್ಳೆ ಒಡೆಯಬೇಡಿ.)

ಈಗ ನನ್ನ ತಪ್ಪಿನ ಕಥೆ. ನಮ್ಮ ಸೋದರತ್ತೆ ನಿಂಬೆರಸ, ಜೇನುತುಪ್ಪ ಹಚ್ಚು ಅಂದರು. ಹಚ್ಚಿಕೊಂಡು ಟೆರೇಸಿನಲ್ಲಿ ಬಟ್ಟೆ ಒಣಗಹಾಕಲು ಹೋದೆ. ನಿಂಬೆರಸಕ್ಕೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ ಅನ್ನುವುದು ಗೊತ್ತಿರಲಿಲ್ಲ. ವಾರದಲ್ಲಿ ಕಲೆ ಇನ್ನೂ ಕಪ್ಪು. ಗಾಬರಿಯಾಗಿ ಮೆಡಿಕಲ್ ಸ್ಟೋರಿನವನು ಕೊಟ್ಟ ಬಿಳಿ ಟ್ಯೂಬ್ ತಂದೆ. ಹದಿನೈದು ದಿನದಲ್ಲಿ ಮುಖ ಫಳಫಳ. ಬಿಟ್ಟ ಕೂಡಲೇ ಕೆಂಪು, ಉರಿ, ಮೊಡವೆ. ಟ್ಯೂಬಿನಲ್ಲಿ ಸ್ಟೀರಾಯ್ಡ್ ಇತ್ತು, ಊತ, ಉರಿ ತಗ್ಗಿಸುವ ಜೋರು ಔಷಧ.

ಕಲೆಯ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಹಳೆ ಚರ್ಮ ಬೇಗ ಉದುರಿಸುವ ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್, ಈ ಮೂರೂ ಸೇರಿದ ಕ್ರೀಮು ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ. ಡಾಕ್ಟರ್ ಹೇಳಿದಷ್ಟು ವಾರ ಹಚ್ಚಿದರೆ ಕೆಲಸ ಮಾಡುತ್ತದೆ. ಫೇರ್‌ನೆಸ್ ಕ್ರೀಮಿನ ಹಾಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮುಖದ ಮೇಲೆ ಕೂದಲೂ ಬೆಳೆಯುತ್ತದೆ! ಯಾವುದನ್ನು ತೆಗೆಸಲು ಹೋಗಿದ್ದಿರೋ ಅದೇ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಅಂಗಡಿಯವನು ಚೀಟಿ ಕೇಳದಿದ್ದರೂ ನೀವು ಚೀಟಿ ಇಲ್ಲದೆ ಕೊಳ್ಳಬೇಡಿ.

ನಿಮ್ಮ ಕೈಯಲ್ಲಿರುವ ದೊಡ್ಡ ಔಷಧ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಮೇಲಿನದು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಹಿಂಡಿ, ಅಷ್ಟೂ ಮುಖ, ಕತ್ತಿಗೆ. ಬಟಾಣಿ ಗಾತ್ರ ಸಾಲದು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಕಂದು ಚರ್ಮದಲ್ಲಿ ಆ ಬೆಳಕೂ ಕಲೆ ಹೆಚ್ಚಿಸುತ್ತದೆ. ಮೇಲಾಗಿ ಕಲೆಯೂ ಸ್ವಲ್ಪ ಮುಚ್ಚುತ್ತದೆ. ರೈಲಿನಲ್ಲಿ ಬಿಸಿಲು ಬೀಳುವ ಕಿಟಕಿ ಸೀಟು ಕೆಲವು ತಿಂಗಳು ಬೇರೆಯವರಿಗೆ ಬಿಟ್ಟುಕೊಡಿ. ಗಾಜು ಹಾಕಿದ್ದರೂ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಎ ಕಿರಣ ಒಳಗೆ ಬರುತ್ತದೆ. ಉಳಿದಂತೆ ಮೆತ್ತಗಿನ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಅಷ್ಟೇ. ಕಡಲೆಹಿಟ್ಟು ತಿಕ್ಕುವುದು, ಸ್ಕ್ರಬ್, ಬ್ಲೀಚ್, ಫೇಶಿಯಲ್ ಬೇಡ. ಕಲೆ ತಿಳಿಮಾಡುವ ಅಜೆಲಾಯಿಕ್ ಆಸಿಡ್‌ನಂಥ ಕ್ರೀಮು ಬೇಕಾ ಅನ್ನುವುದನ್ನು ಸ್ಕಿನ್ ಡಾಕ್ಟರ್ ಹೇಳಲಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಚರ್ಮರೋಗ ವಿಭಾಗ ಇದೆ. ಸರ್ಕಾರಿ ಆಸ್ಪತ್ರೆ, ಕ್ಯೂ ಇರುತ್ತದೆ, ಬೇಗ ಹೊರಡಿ.

ಲೇಸರ್ ಮಾಡಿದವರೇ "ಬನ್ನಿ, ಕಲೆಗೂ ಒಂದು ಲೇಸರ್ ಹೊಡೆದುಬಿಡೋಣ, ಫ್ರೀ" ಅನ್ನಬಹುದು. ಹೋಗಬೇಡಿ. ಸುಟ್ಟ ಚರ್ಮ ಇನ್ನೂ ಸುಧಾರಿಸಿಲ್ಲ, ಇನ್ನೊಂದು ಬಿಸಿ ತಗುಲಿದರೆ ಕಲೆ ಇಮ್ಮಡಿಯಾಗಬಹುದು. ಬದಲಿಗೆ ಅವರಿಂದ ಕಾಗದ ಕೇಳಿ. ಯಾವ ಮಷೀನು, ಎಷ್ಟು ಪವರ್, ಯಾರು ಮಾಡಿದ್ದು. ಡಾಕ್ಟರ್ ನಡೆಸುವ ಜಾಗವಾದರೆ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನುವ ನಿಯಮ 2002ರಿಂದಲೂ ಇದೆ. ಬಿಲ್ ಜೋಪಾನವಾಗಿಡಿ. ವಾರಕ್ಕೊಂದು ಫೋಟೋ, ಅದೇ ಜಾಗ, ಅದೇ ಬೆಳಕಿನಲ್ಲಿ ತೆಗೆಯಿರಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ, ಅವಸರ ಇಲ್ಲ. ದೂರು ಕೊಡದಿದ್ದರೂ ಆ ಫೋಟೋಗಳು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರುತ್ತವೆ. ದಿನಾ ಕನ್ನಡಿ ನೋಡುವವರಿಗೆ ಕಲೆ ಕರಗುತ್ತಿರುವುದು ಕಾಣುವುದೇ ಇಲ್ಲ.

ಮದುವೆಗೆ ಮೇಕಪ್ ಹಾಕಿಕೊಳ್ಳಬಹುದು, ಹಕ್ಕಳೆ ಉದುರಿ ಚರ್ಮ ಮುಚ್ಚಿದೆಯಲ್ಲ. ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಿ. ರಾತ್ರಿ ತಿಕ್ಕದೆ ತೆಗೆಯಿರಿ. ಅರಿಶಿನ ಶಾಸ್ತ್ರದ ದಿನ ಅತ್ತಿಗೆ, ನಾದಿನಿಯರೆಲ್ಲ ಕೈತುಂಬ ಅರಿಶಿನ ಹಿಡಿದು ನಿಮ್ಮ ಕೆನ್ನೆಗೇ ಬರುತ್ತಾರೆ ಅಲ್ವಾ? ಕೈ ಮುಂದೆ ಚಾಚಿ, ಮೊಣಕೈವರೆಗೆ ಬಳಿಸಿಕೊಳ್ಳಿ.